ಹಳೆಯ ರೋಡ್ ಬೈಕಿಗೆ ಹೊಸ ಶಿಫ್ಟರ್: ಕೊಳ್ಳುವ ಮೊದಲಿನ ಲೆಕ್ಕ, ಕೂಡಿಸುವ ಕ್ರಮ

ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿಯ ಕಡೆಗೆ ಸೈಕಲ್ ತುಳಿದವರಿಗೆ ಗೇರ್ ಬದಲಿಸುವ ಕ್ಷಣ ಎಷ್ಟು ನಾಜೂಕಿನದೆಂದು ಗೊತ್ತಿರುತ್ತದೆ. ತಿರುವಿನಲ್ಲಿ ಎದುರಿನಿಂದ ಜೀಪು ಇಳಿದು ಬರುತ್ತಿರುತ್ತದೆ, ಏರು ಥಟ್ಟನೆ ಕಡಿದಾಗುತ್ತದೆ, ಸರಿಯಾಗಿ ಆಗಲೇ ಒಂದು ಕೈಯನ್ನು ಹ್ಯಾಂಡಲ್‌ನಿಂದ ತೆಗೆದು ಡೌನ್‌ಟ್ಯೂಬಿನ (ಫ್ರೇಮಿನ ಕೆಳಗಿನ ಓರೆ ಕೊಳವೆಯ) ಮೇಲಿರುವ ಲಿವರನ್ನು ತಡಕಬೇಕಾಗುತ್ತದೆ. ಇತ್ತೀಚಿನ ಕಡಿಮೆ ಬೆಲೆಯ ರೋಡ್ ಬೈಕುಗಳಲ್ಲಿ ಬರುವ ಶಿಮಾನೊ ಕಂಪನಿಯ ಟೂರ್ನಿ ಎ070 ಶಿಫ್ಟರಿನದು (ಗೇರ್ ಬದಲಿಸುವ ಲಿವರಿನದು) ಬೇರೊಂದು ತೊಂದರೆ. ಅದರ ಒಂದು ಗುಂಡಿ ಬ್ರೇಕ್ ಹಿಡಿಕೆಯ ಒಳಬದಿಯಲ್ಲಿ, ಹೆಬ್ಬೆರಳಿಗೆ ಸಿಗುವಂತೆ ಇದೆ. ಸೀತಾಳಯ್ಯನಗಿರಿಯಿಂದ ಇಳಿಯುವಾಗ ಹ್ಯಾಂಡಲ್‌ನ ಕೆಳಗಿನ ಬಾಗನ್ನು ಹಿಡಿದು ಕುಳಿತವರಿಗೆ ಅದು ಎಟುಕುವುದಿಲ್ಲ. ಬ್ರೇಕಿನ ಲಿವರಿನಲ್ಲೇ ಗೇರನ್ನೂ ಕೂಡಿಸಿದ ಶಿಫ್ಟರನ್ನು ಶಿಮಾನೊ 1990ರಲ್ಲಿ ರಸ್ತೆಗೆ ತಂದದ್ದು ಹ್ಯಾಂಡಲ್‌ನಿಂದ ಕೈ ತೆಗೆಯಬೇಕಾದ ಕೊರತೆಯನ್ನು ನೀಗಿಸಲೆಂದೇ. ಎಸ್‌ಟಿಐ ಎಂದು ಕರೆಯುವುದು ಇದನ್ನೇ.

ಹಳೆಯ ಬೈಕಿಗೆ ಇಂಥ ಶಿಫ್ಟರನ್ನು ಹಾಕಿಸಬೇಕೆಂದು ಬಯಸುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಮೊದಲು ಶಿಫ್ಟರನ್ನು ಕೊಂಡು ಆಮೇಲೆ ಉಳಿದ ಭಾಗಗಳ ಬಗ್ಗೆ ಯೋಚಿಸುವುದು. ನಾನೂ ಅದೇ ತಪ್ಪನ್ನು ಮಾಡಿದ್ದೇನೆ, ಅದರ ವಿವರ ಮುಂದೆ ಬರುತ್ತದೆ. ಶಿಫ್ಟರ್, ಕೇಬಲ್, ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ), ಚೈನ್, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಹಬ್ (ಚಕ್ರದ ನಡುಭಾಗ), ಫ್ರೇಮಿನ ಅಗಲ ಇವೆಲ್ಲ ಒಂದನ್ನೊಂದು ಹಿಡಿದುಕೊಂಡಿರುವ ಭಾಗಗಳು. ಒಂದನ್ನು ಬದಲಿಸಿದರೆ ಇನ್ನಾವುದನ್ನು ಬದಲಿಸಬೇಕಾಗುತ್ತದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿದ ನಂತರವೇ ಹಣ ಖರ್ಚು ಮಾಡಬೇಕು. ಬಿಡಿಭಾಗಗಳಿಗೆ ಬೆಂಗಳೂರಿನ ಪಾರ್ಸೆಲ್ಲನ್ನು ಕಾಯಬೇಕಾದ ನಮ್ಮಂಥ ಊರುಗಳಲ್ಲಿ ಈ ಮಾತು ಇನ್ನಷ್ಟು ನಿಜ.

ಬದಲಿಸುವ ಮೊದಲು ಒಮ್ಮೆ ತೊಳೆದು ನೋಡಿ

ನಿಮ್ಮ ಬೈಕಿನಲ್ಲಿ ಈಗಾಗಲೇ ಹಳೆಯ ಎಸ್‌ಟಿಐ ಶಿಫ್ಟರ್ ಇದ್ದು, ಅದು ಕ್ಲಿಕ್ ಆಗದೆ ಸುಮ್ಮನೆ ಜಾರುತ್ತಿದ್ದರೆ ಅದು ಕೆಟ್ಟಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಬಹಳಷ್ಟು ಸಲ ಒಳಗಿನ ಗ್ರೀಸ್ ವರ್ಷಗಳ ನಂತರ ಅಂಟಿನಂತೆ ಗಟ್ಟಿಯಾಗಿರುತ್ತದೆ, ಅದರಿಂದ ಹಲ್ಲನ್ನು ಹಿಡಿಯಬೇಕಾದ ಪುಟ್ಟ ಕೊಕ್ಕೆ ಅಲುಗಾಡದೆ ನಿಂತಿರುತ್ತದೆ. ಇನ್ನರ್ ಕೇಬಲನ್ನು ತೆಗೆದು, ಲಿವರಿನ ಸಂದುಗಳೊಳಗೆ ತೆಳುವಾದ ಸ್ಪ್ರೇ ಎಣ್ಣೆಯನ್ನು ಧಾರಾಳವಾಗಿ ಹಾಯಿಸಿ, ಲಿವರನ್ನು ನೂರಾರು ಬಾರಿ ಒತ್ತಬೇಕು. ಕರಿಯ ಕೊಳೆ ಹರಿದು ಹೋಗುವವರೆಗೆ ಇದನ್ನು ಎರಡು ಮೂರು ದಿನ ಮಾಡಿ, ಕೊನೆಯಲ್ಲಿ ತುಸು ಒಳ್ಳೆಯ ಎಣ್ಣೆ ಬಿಡಬೇಕು. ಸತ್ತಿದೆ ಎಂದು ಬದಿಗಿಟ್ಟ ಶಿಫ್ಟರುಗಳು ಹೀಗೆ ಮತ್ತೆ ಕೆಲಸ ಮಾಡಿದ್ದನ್ನು ನಾನು ಕಂಡಿದ್ದೇನೆ. ಕೇಬಲ್ ಮತ್ತು ಅದರ ಹೊರಕೊಳವೆಯಾದ ಔಟರ್ ಬದಲಿಸದೆ ಶಿಫ್ಟರನ್ನು ದೂರುವುದೂ ಸರಿಯಲ್ಲ. ಮಲೆನಾಡಿನ ಎರಡು ಮಳೆಗಾಲ ಕಂಡ ಕೇಬಲ್ ಒಳಗೇ ತುಕ್ಕು ಹಿಡಿದು, ಎಷ್ಟು ಹೊಂದಿಸಿದರೂ ಗೇರ್ ನಿಲ್ಲದಂತೆ ಮಾಡುತ್ತದೆ.

ಇರುವ ಬೈಕನ್ನು ಅಳೆಯುವ ಕೆಲಸ

ಇದಾವುದರಿಂದಲೂ ಆಗದು, ಬದಲಾವಣೆಯೇ ಬೇಕು ಎಂದಾದರೆ ಒಂದು ವರ್ನಿಯರ್ ಕ್ಯಾಲಿಪರ್, ಒಂದು ಸ್ಟೀಲ್ ಸ್ಕೇಲ್ ಮತ್ತು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ.

ಮೊದಲು ಹಿಂದಿನ ಚಕ್ರವನ್ನು ಬಿಚ್ಚಿ, ಫ್ರೇಮಿನಲ್ಲಿ ಚಕ್ರ ಕೂರುವ ಎರಡು ಕಿವಿಗಳ ಒಳಮುಖಗಳ ನಡುವಿನ ಅಂತರವನ್ನು ಅಳೆಯಿರಿ. ಐದು ಸ್ಪೀಡಿನ (ಹಿಂದೆ ಐದು ಹಲ್ಲುಚಕ್ರಗಳಿರುವ) ಕಾಲದ ಫ್ರೇಮುಗಳಲ್ಲಿ ಅದು 120 ಮಿಲಿಮೀಟರ್, ಆರು ಮತ್ತು ಏಳು ಸ್ಪೀಡಿನವುಗಳಲ್ಲಿ 126, ಎಂಟರಿಂದ ಹನ್ನೊಂದು ಸ್ಪೀಡಿನ ರಿಮ್ ಬ್ರೇಕ್ ಬೈಕುಗಳಲ್ಲಿ 130 ಇರುತ್ತದೆ. ಫ್ರೇಮ್ ಉಕ್ಕಿನದಾಗಿದ್ದು 126 ಇದ್ದರೆ ಹತಾಶರಾಗಬೇಕಾಗಿಲ್ಲ. ಉಕ್ಕು ಎರಡೂ ಬದಿಗೆ ಎರಡೆರಡು ಮಿಲಿಮೀಟರ್ ಅಗಲವಾಗಲು ಒಪ್ಪುತ್ತದೆ. ಆದರೆ ಆ ಕೆಲಸವನ್ನು ಫ್ರೇಮ್ ತಣ್ಣಗಿರುವಾಗಲೇ, ಎರಡೂ ಬದಿ ಸಮನಾಗಿ ಸರಿಯುವಂತೆ ನಿಧಾನವಾಗಿ ಮಾಡಬೇಕು. ಗ್ಯಾಸ್ ಬೆಂಕಿ ಹಿಡಿದು ಕಾಯಿಸಿ ಬಗ್ಗಿಸುತ್ತೇನೆ ಎನ್ನುವ ವೆಲ್ಡಿಂಗ್ ಅಂಗಡಿಗೆ ಫ್ರೇಮನ್ನು ಕೊಡಲೇಬಾರದು. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫ್ರೇಮನ್ನು ಹೀಗೆ ಹಿಗ್ಗಿಸುವ ಮಾತೇ ಇಲ್ಲ, ಅದು ಬಿರುಕು ಬಿಡುತ್ತದೆ.

ಎರಡನೆಯದಾಗಿ, ಹಿಂದಿನ ಹಲ್ಲುಚಕ್ರಗಳ ಗೊಂಚಲು ಫ್ರೀವೀಲೋ ಕ್ಯಾಸೆಟ್ಟೋ ಎಂದು ತಿಳಿಯಬೇಕು. ಗೊಂಚಲನ್ನು ಹಿಂದಕ್ಕೆ ತಿರುಗಿಸಿ ನೋಡಿ: ನಡುವಿನ ಹಲ್ಲುಹಲ್ಲಾದ ಉಂಗುರ ಗೊಂಚಲಿನ ಜೊತೆಯಲ್ಲೇ ತಿರುಗಿದರೆ ಅದು ಕ್ಯಾಸೆಟ್, ಉಂಗುರ ಚಕ್ರದ ಜೊತೆಗೆ ನಿಂತು ಗೊಂಚಲು ಮಾತ್ರ ತಿರುಗಿದರೆ ಅದು ಹಬ್‌ಗೆ ತಿರುಚಿ ಕೂರಿಸಿದ ಫ್ರೀವೀಲ್. ಏಳು ಸ್ಪೀಡಿನ ಎ070 ಬೈಕುಗಳಲ್ಲಿ ಹೆಚ್ಚಾಗಿ ಸಿಗುವುದು ಫ್ರೀವೀಲ್.

ಮೂರನೆಯದಾಗಿ ಹಿಂದಿನ ಡಿರೈಲರಿನ ಮೇಲೆ ಅಚ್ಚಾಗಿರುವ ಹೆಸರು ಮತ್ತು ಸಂಖ್ಯೆ, ಮುಂದಿನ ಚೈನ್‌ರಿಂಗುಗಳ (ಪೆಡಲಿನ ಬಳಿಯ ಹಲ್ಲುಚಕ್ರಗಳ) ಹಲ್ಲಿನ ಎಣಿಕೆ, ಹಿಂದಿನ ಅತಿ ದೊಡ್ಡ ಮತ್ತು ಅತಿ ಚಿಕ್ಕ ಹಲ್ಲುಚಕ್ರಗಳ ಎಣಿಕೆ, ಬ್ರೇಕಿನ ಬಗೆ ಇವನ್ನು ಬರೆದಿಟ್ಟುಕೊಳ್ಳಿ. ಸಂಖ್ಯೆಗಳು ಸಾಮಾನ್ಯವಾಗಿ ಡಿರೈಲರಿನ ಒಳಮುಖದಲ್ಲಿ ಇರುವುದರಿಂದ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ನೋಡಬೇಕಾಗುತ್ತದೆ.

ಒಂದು ಕ್ಲಿಕ್ಕಿನಲ್ಲಿ ಏನಾಗುತ್ತದೆ

ಇಡೀ ಹೊಂದಾಣಿಕೆಯ ಪ್ರಶ್ನೆ ನಿಂತಿರುವುದು ಒಂದು ಗುಣಾಕಾರದ ಮೇಲೆ. ಶಿಫ್ಟರನ್ನು ಒಮ್ಮೆ ಕ್ಲಿಕ್ ಮಾಡಿದಾಗ ಅದು ಕೇಬಲನ್ನು ಇಷ್ಟು ಮಿಲಿಮೀಟರ್ ಎಂದು ಎಳೆಯುತ್ತದೆ. ಡಿರೈಲರ್ ಆ ಎಳೆತವನ್ನು ತನ್ನ ಸನ್ನೆಯ ಅನುಪಾತದಿಂದ ಹೆಚ್ಚಿಸಿ ಚೈನನ್ನು ಪಕ್ಕಕ್ಕೆ ಸರಿಸುತ್ತದೆ. ಹಾಗೆ ಸರಿದ ದೂರ, ಕ್ಯಾಸೆಟ್ಟಿನ ಒಂದು ಹಲ್ಲುಚಕ್ರದ ನಡುವಿನಿಂದ ಪಕ್ಕದ್ದರ ನಡುವಿನವರೆಗಿನ ಅಂತರಕ್ಕೆ ಸಮನಾಗಿರಬೇಕು. ಇಷ್ಟೇ ನಿಯಮ. ಭಾಗಗಳ ಮೇಲೆ ಯಾವ ಹೆಸರು ಬರೆದಿದೆ, ಅವು ಎಷ್ಟು ದುಬಾರಿ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಶಿಮಾನೊ ಅಳತೆಗಳನ್ನೇ ತೆಗೆದುಕೊಳ್ಳೋಣ, ನಮ್ಮಲ್ಲಿ ಹೆಚ್ಚು ಸಿಗುವುದು ಅವೇ. ಕ್ಯಾಸೆಟ್ಟಿನ ಹಲ್ಲುಚಕ್ರಗಳ ನಡುವಿನ ಅಂತರ ಏಳು ಸ್ಪೀಡಿನಲ್ಲಿ ಸುಮಾರು 5.0 ಮಿಲಿಮೀಟರ್, ಎಂಟರಲ್ಲಿ 4.8, ಒಂಬತ್ತರಲ್ಲಿ 4.35, ಹತ್ತರಲ್ಲಿ 3.95, ಹನ್ನೊಂದರಲ್ಲಿ 3.7ರಷ್ಟು. ಶಿಫ್ಟರ್ ಪ್ರತಿ ಕ್ಲಿಕ್ಕಿಗೆ ಎಳೆಯುವ ಕೇಬಲ್ ಎಂಟು ಸ್ಪೀಡಿನದಾದರೆ ಸುಮಾರು 2.8 ಮಿಲಿಮೀಟರ್, ಒಂಬತ್ತಾದರೆ 2.5, ಹಳೆಯ ಹತ್ತು ಸ್ಪೀಡಾದರೆ 2.3. ಈ ಎಲ್ಲ ತಲೆಮಾರುಗಳ ರೋಡ್ ಡಿರೈಲರುಗಳ ಅನುಪಾತ ಒಂದೇ, ಸುಮಾರು 1.7. ಈಗ ಗುಣಿಸಿ ನೋಡಿ: 2.8ನ್ನು 1.7ರಿಂದ ಗುಣಿಸಿದರೆ 4.76, ಎಂಟು ಸ್ಪೀಡಿಗೆ ಹೊಂದಿತು, 2.5ಕ್ಕೆ 4.25, ಒಂಬತ್ತಕ್ಕೆ ಹೊಂದಿತು, 2.3ಕ್ಕೆ 3.91, ಹತ್ತಕ್ಕೆ ಹೊಂದಿತು. ಇದರಿಂದ ತಿಳಿಯುವ ಮುಖ್ಯ ಸಂಗತಿಯೆಂದರೆ, ನಿಮ್ಮ ಬಳಿಯಿರುವ ಹಳೆಯ ಏಳು ಅಥವಾ ಎಂಟು ಸ್ಪೀಡಿನ ಶಿಮಾನೊ ಡಿರೈಲರ್ ಒಂಬತ್ತು ಸ್ಪೀಡಿನ ಶಿಫ್ಟರಿನೊಡನೆಯೂ ಸರಿಯಾಗಿ ಕೆಲಸ ಮಾಡುತ್ತದೆ. ಎಷ್ಟು ಸ್ಪೀಡ್ ಎಂಬುದನ್ನು ನಿರ್ಧರಿಸುವುದು ಶಿಫ್ಟರ್ ಮತ್ತು ಕ್ಯಾಸೆಟ್. ಡಿರೈಲರ್ ಹೇಳಿದಷ್ಟು ಸರಿಯುವ ಸನ್ನೆ ಮಾತ್ರ.

ಈ ಸರಳ ವ್ಯವಸ್ಥೆಗೆ ಕೆಲವು ಅಪವಾದಗಳಿವೆ, ದುಡ್ಡು ಕಳೆದುಕೊಳ್ಳುವುದು ಅಲ್ಲೇ. ಹನ್ನೊಂದು ಸ್ಪೀಡಿಗೆ ಬಂದಾಗ ಶಿಮಾನೊ ಅನುಪಾತವನ್ನು ಸುಮಾರು 1.4ಕ್ಕೆ ಇಳಿಸಿ, ಶಿಫ್ಟರಿನ ಎಳೆತವನ್ನು 2.7ಕ್ಕೆ ಏರಿಸಿತು. ಆ ಬಳಿಕ ಬಂದ ಟಿಯಾಗ್ರಾ 4700 ಸರಣಿ ಹೆಸರಿಗೆ ಹತ್ತು ಸ್ಪೀಡಾದರೂ ಇದೇ ಹೊಸ ಪದ್ಧತಿಗೆ ಸೇರಿದ್ದು. ನಾನು ತಪ್ಪಿದ್ದು ಇಲ್ಲಿಯೇ: ಹತ್ತು ಸ್ಪೀಡ್ ಎಂದರೆ ಹತ್ತು ಸ್ಪೀಡ್ ಎಂದುಕೊಂಡು 4700ರ ಶಿಫ್ಟರನ್ನು ತರಿಸಿ, ಹಳೆಯ ಹತ್ತು ಸ್ಪೀಡಿನ ಡಿರೈಲರಿಗೆ ಜೋಡಿಸಿದೆ. ಕ್ಲಿಕ್ಕಿಗೆ ಸುಮಾರು 2.7 ಮಿಲಿಮೀಟರ್ ಎಳೆತವನ್ನು 1.7ರಿಂದ ಗುಣಿಸಿದರೆ 4.59 ಆಗುತ್ತದೆ, ಬೇಕಾಗಿದ್ದದ್ದು 3.95. ಪ್ರತಿ ಕ್ಲಿಕ್ಕಿಗೂ 0.64 ಮಿಲಿಮೀಟರ್ ಹೆಚ್ಚಾಗಿ, ಮೂರನೆಯ ಕ್ಲಿಕ್ಕಿನ ಹೊತ್ತಿಗೆ ಚೈನ್ ಎರಡು ಹಲ್ಲುಚಕ್ರಗಳ ನಟ್ಟನಡುವೆ ನಿಂತು ಕರಕರ ಎನ್ನುತ್ತಿತ್ತು. ಒಂದು ಭಾನುವಾರವನ್ನೆಲ್ಲ ಅಡ್ಜಸ್ಟರ್ (ಕೇಬಲಿನ ಬಿಗಿ ಹೊಂದಿಸುವ ತಿರುಪು) ತಿರುಗಿಸುತ್ತ ಕಳೆದೆ. ಎಷ್ಟು ತಿರುಗಿಸಿದರೂ ಸರಿಯಾಗದ ತಪ್ಪು ಅದು ಎಂದು ಈ ಗುಣಾಕಾರವನ್ನು ಮಾಡಿದ ಮೇಲೆಯೇ ತಿಳಿಯಿತು.

ಉಳಿದ ಅಪವಾದಗಳನ್ನು ಬೇಗ ಹೇಳಿಬಿಡುತ್ತೇನೆ. 1984ರಲ್ಲಿ ಕ್ಲಿಕ್ ಪದ್ಧತಿಯನ್ನು ಮೊದಲು ತಂದ ಡ್ಯೂರಾ-ಏಸ್ 7400 ಸರಣಿಯ ಡಿರೈಲರಿನ ಅನುಪಾತ ಬೇರೆಯದು, ಅದು ಉಳಿದ ಶಿಮಾನೊ ಶಿಫ್ಟರುಗಳೊಡನೆ ಕೂಡುವುದಿಲ್ಲ. ಕ್ಯಾಂಪಗ್ನೋಲೊ, ಸ್ರ್ಯಾಮ್, ಹಳೆಯ ಸನ್‌ಟೂರ್ ಇವುಗಳ ಲೆಕ್ಕಗಳೇ ಪ್ರತ್ಯೇಕ. ಶಿಫ್ಟರ್ ಯಾವ ಕಂಪನಿಯದೋ ಹಿಂದಿನ ಡಿರೈಲರೂ ಅದೇ ಕಂಪನಿಯದಿರಲಿ. ಶಿಮಾನೊ ಹತ್ತು ಸ್ಪೀಡಿನ ಎಂಟಿಬಿ (ಮೌಂಟನ್ ಬೈಕ್) ಡಿರೈಲರ್ ರೋಡ್ ಶಿಫ್ಟರಿಗೆ ಆಗದು. ಆದರೆ ಒಂಬತ್ತು ಸ್ಪೀಡಿನ ಎಂಟಿಬಿ ಡಿರೈಲರ್ 1.7ರ ಗುಂಪಿಗೇ ಸೇರಿದ್ದು. ಎಂಟು, ಒಂಬತ್ತು ಮತ್ತು 4700ಕ್ಕಿಂತ ಹಳೆಯ ಹತ್ತು ಸ್ಪೀಡಿನ ರೋಡ್ ಶಿಫ್ಟರುಗಳಿಗೆ ಸೊಗಸಾಗಿ ಕೂಡುತ್ತದೆ. ಘಾಟಿಯೂರಿನವರಿಗೆ ಇದು ದೊಡ್ಡ ಅನುಕೂಲ, ಯಾಕೆಂದರೆ ಅದು ರೋಡ್ ಡಿರೈಲರಿಗಿಂತ ಬಹಳ ದೊಡ್ಡ ಹಲ್ಲುಚಕ್ರವನ್ನು ಹತ್ತಬಲ್ಲದು.

ಎಷ್ಟು ಸ್ಪೀಡಿಗೆ ಹೋಗಬೇಕು

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಹಳೆಯ ಬೈಕಿಗೆ ಎಂಟು ಅಥವಾ ಒಂಬತ್ತು ಸಾಕು. ಶಿಮಾನೊ ಸಾಲಿನಲ್ಲಿ ಕ್ಲಾರಿಸ್ ಆರ್2000 ಎಂಟು ಸ್ಪೀಡಿನದು, ಸೋರಾ ಆರ್3000 ಒಂಬತ್ತರದು. ಎರಡರಲ್ಲೂ ಬ್ರೇಕ್ ಲಿವರೇ ಪಕ್ಕಕ್ಕೆ ಸರಿದು ಗೇರ್ ಬದಲಿಸುತ್ತದೆ, ಅದರ ಹಿಂದೆ ಇರುವ ಚಿಕ್ಕ ಲಿವರ್ ಮರಳಿಸುತ್ತದೆ, ಗೇರ್ ಕೇಬಲ್ ಹ್ಯಾಂಡಲ್ ಟೇಪಿನಡಿ ಹಾಯುತ್ತದೆ. ಕಡಿಮೆ ಸ್ಪೀಡಿನ ಚೈನ್ ಮತ್ತು ಕ್ಯಾಸೆಟ್ ಸುಲಭವಾಗಿ ಸಿಗುತ್ತವೆ. ಹಲ್ಲುಚಕ್ರಗಳ ಅಂತರ ಹೆಚ್ಚಿರುವುದರಿಂದ ಕೆಂಪು ಮಣ್ಣು ಮೆತ್ತಿಕೊಂಡಾಗಲೂ, ಕೇಬಲ್ ತುಸು ಸಡಿಲವಾದಾಗಲೂ ಗೇರ್ ತಪ್ಪುವುದಿಲ್ಲ. ಹನ್ನೊಂದಕ್ಕೆ ಹೋದರೆ ಶಿಫ್ಟರ್, ಎರಡೂ ಡಿರೈಲರ್, ಕ್ಯಾಸೆಟ್, ಚೈನ್, ಬಹುಪಾಲು ಚಕ್ರವನ್ನೂ ಬದಲಿಸಬೇಕಾಗುತ್ತದೆ. ಅಷ್ಟು ಹಣದಲ್ಲಿ ಬೇರೊಂದು ಬೈಕನ್ನೇ ನೋಡುವುದು ಮೇಲು.

ಏಳು ಸ್ಪೀಡಿನ ಫ್ರೀವೀಲ್ ಇರುವವರಿಗೆ ಇನ್ನೊಂದು ದಾರಿಯಿದೆ, ಅದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಮೊದಲ ಹಂತದಲ್ಲಿ ಎಂಟು ಸ್ಪೀಡಿನ ಶಿಫ್ಟರನ್ನು ಮಾತ್ರ ಹಾಕಿ, ಫ್ರೀವೀಲನ್ನು ಹಾಗೆಯೇ ಬಿಡಬಹುದು. ಕ್ಲಿಕ್ಕಿಗೆ ಚೈನ್ ಸರಿಯುವುದು 4.76, ಬೇಕಾದದ್ದು 5.0; ವ್ಯತ್ಯಾಸ 0.24. ನಡುವಿನ ಹಲ್ಲುಚಕ್ರಕ್ಕೆ ಸರಿಯಾಗಿ ಹೊಂದಿಸಿದರೆ ಎರಡೂ ತುದಿಗೆ ತಲಪುವ ಹೊತ್ತಿಗೆ 0.7 ಮಿಲಿಮೀಟರಿನಷ್ಟು ತಪ್ಪುತ್ತದೆ, ಆ ತಪ್ಪನ್ನು ಡಿರೈಲರಿನ ಮೇಲಿನ ಜಾಕಿ ವೀಲ್ (ಚೈನ್ ಹಾಯುವ ಪುಟ್ಟ ಹಲ್ಲುಚಕ್ರ) ತನ್ನ ಅಚ್ಚಿನ ಮೇಲೆ ಅತ್ತಿತ್ತ ಜರುಗಿ ನುಂಗಿಕೊಳ್ಳುತ್ತದೆ. ಒಂದು ಕ್ಲಿಕ್ ಬಳಕೆಯಾಗದೆ ಉಳಿಯುತ್ತದೆ, ಅಷ್ಟೆ. ಚಕ್ರ ಮತ್ತು ಕ್ಯಾಸೆಟ್ಟನ್ನು ಕೈಯಲ್ಲಿ ಹಣ ಕೂಡಿದಾಗ ನಿಧಾನವಾಗಿ ಕೊಳ್ಳಬಹುದು.

ಹಬ್ ಮತ್ತು ಸ್ಪೇಸರ್

ಎಂಟು ಸ್ಪೀಡಿನ ಫ್ರೀವೀಲುಗಳೂ ಮಾರಾಟಕ್ಕಿವೆ, ಅವನ್ನು ಹಾಕಿಸಿದರೆ ಹೊಸ ಚಕ್ರದ ಖರ್ಚು ಉಳಿಯುತ್ತದೆಂದು ಹೇಳುವವರಿದ್ದಾರೆ. ಹಾಗೆ ಮಾಡಬೇಡಿ. ಫ್ರೀವೀಲ್ ಹಬ್ಬಿನಲ್ಲಿ ಬಲಬದಿಯ ಬೇರಿಂಗ್ ಗೊಂಚಲಿನ ಒಳಗಡೆ ಇರುತ್ತದೆ. ಗೊಂಚಲು ಅಗಲವಾದಷ್ಟೂ ಆಧಾರವಿಲ್ಲದ ಅಚ್ಚಿನ ಉದ್ದ ಬೆಳೆಯುತ್ತದೆ, ತೋಟದ ದಾರಿಯ ಗುಂಡಿಗಳಲ್ಲಿ ಅಚ್ಚು ಬಾಗುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಹೊರತುದಿಯ ಬಳಿಯೇ ಇರುವುದರಿಂದ ಈ ಭಯವಿಲ್ಲ.

ಶಿಮಾನೊ ಎಂಟು, ಒಂಬತ್ತು, ಹತ್ತು ಸ್ಪೀಡಿನ ಕ್ಯಾಸೆಟ್ಟುಗಳೆಲ್ಲ ಒಂದೇ ಉದ್ದದ ಹಬ್ ಬಾಡಿಗೆ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗಕ್ಕೆ) ಕೂಡುತ್ತವೆ. ಈಗ ಸಿಗುವ ಹೊಸ ಚಕ್ರಗಳಲ್ಲಿ ಹೆಚ್ಚಿನವು ಹನ್ನೊಂದು ಸ್ಪೀಡಿನವು, ಅವುಗಳ ಬಾಡಿ ಅದಕ್ಕಿಂತ 1.85 ಮಿಲಿಮೀಟರ್ ಹೆಚ್ಚು ಉದ್ದ. ಅದರ ಮೇಲೆ ಎಂಟು ಅಥವಾ ಒಂಬತ್ತರ ಕ್ಯಾಸೆಟ್ ಹಾಕುವಾಗ ಅಷ್ಟೇ ದಪ್ಪದ ಸ್ಪೇಸರನ್ನು ಮೊದಲು ಏರಿಸಬೇಕು; ಮರೆತರೆ ಲಾಕ್‌ರಿಂಗ್ ಎಷ್ಟು ಬಿಗಿದರೂ ಗೊಂಚಲು ಗಲಗಲ ಎನ್ನುತ್ತದೆ. ಶಿಮಾನೊ ಹತ್ತು ಸ್ಪೀಡಿನ ಬಹುತೇಕ ಕ್ಯಾಸೆಟ್ಟುಗಳಿಗೆ ಇನ್ನೂ 1 ಮಿಲಿಮೀಟರ್ ಸ್ಪೇಸರ್ ಬೇಕು. ಏಳರ ಕ್ಯಾಸೆಟ್ಟನ್ನು ಎಂಟು–ಹತ್ತರ ಬಾಡಿಗೆ ಹಾಕಲು 4.5 ಮಿಲಿಮೀಟರ್.

126ರ ಫ್ರೇಮನ್ನು ಹಿಗ್ಗಿಸಲು ಮನಸ್ಸಿಲ್ಲದವರಿಗೆ ಹಳಬರು ಬಳಸುವ ಒಂದು ಉಪಾಯವಿದೆ. ಏಳು ಸ್ಪೀಡಿನ ಕ್ಯಾಸೆಟ್ ಬಾಡಿಯ ಮೇಲೆ ಒಂಬತ್ತರ ಕ್ಯಾಸೆಟ್ಟಿನ ಎಂಟು ಹಲ್ಲುಚಕ್ರಗಳು ಹಿಡಿಸುತ್ತವೆ. ಒಂದನ್ನು ತೆಗೆದು, ಒಂಬತ್ತರ ಶಿಫ್ಟರನ್ನೇ ಬಳಸಿ, ಎಂಟು ಗೇರುಗಳನ್ನು ಪಡೆಯಬಹುದು.

ಏರಿಗೆ ಬೇಕಾದ ಹಲ್ಲು

ನಮ್ಮ ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಮುಳ್ಳಯ್ಯನಗಿರಿಯ ಎತ್ತರ 1930 ಮೀಟರ್. ಗೇರ್ ಎಷ್ಟಿವೆ ಎಂಬುದಕ್ಕಿಂತ ಅತಿ ಹಗುರವಾದ ಗೇರ್ ಯಾವುದು ಎಂಬುದೇ ಇಲ್ಲಿ ಮುಖ್ಯ. 700x28 ಟಯರಿನ ಸುತ್ತಳತೆ ಸುಮಾರು 2.136 ಮೀಟರ್. ಮುಂದೆ 42, ಹಿಂದೆ 24 ಹಲ್ಲಿರುವ ಹಳೆಯ ರೇಸಿಂಗ್ ಬೈಕ್ ಪೆಡಲಿನ ಒಂದು ಸುತ್ತಿಗೆ 3.74 ಮೀಟರ್ ಮುಂದೆ ಹೋಗುತ್ತದೆ. ಕಡಿದಾದ ಏರಿನಲ್ಲಿ ಗಂಟೆಗೆ 7 ಕಿಲೋಮೀಟರ್ ವೇಗದಲ್ಲಿದ್ದರೆ ನಿಮಿಷಕ್ಕೆ 31 ಸುತ್ತು ಮಾತ್ರ ತುಳಿಯಲಾಗುತ್ತದೆ, ಮೊಣಕಾಲು ನೋಯುವುದು ಖಂಡಿತ. ಮುಂದೆ 34, ಹಿಂದೆ 32 ಇದ್ದರೆ ಒಂದು ಸುತ್ತಿಗೆ 2.27 ಮೀಟರ್, ಅದೇ ವೇಗದಲ್ಲಿ 51 ಸುತ್ತು. ವ್ಯತ್ಯಾಸ ಅಷ್ಟಿದೆ.

ಆದರೆ ದೊಡ್ಡ ಹಲ್ಲುಚಕ್ರ ಹಾಕುವ ಮೊದಲು ಡಿರೈಲರ್ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕು. ಅದು ಹತ್ತಬಲ್ಲ ಅತಿ ದೊಡ್ಡ ಹಲ್ಲುಚಕ್ರ ಯಾವುದು, ಮತ್ತು ಅದು ಎಷ್ಟು ಸಡಿಲ ಚೈನನ್ನು ಎಳೆದು ಹಿಡಿಯಬಲ್ಲದು. ಎರಡನೆಯದರ ಲೆಕ್ಕ ಹೀಗೆ: ಮುಂದಿನ ಎರಡು ರಿಂಗುಗಳ ವ್ಯತ್ಯಾಸಕ್ಕೆ ಹಿಂದಿನ ದೊಡ್ಡ ಮತ್ತು ಚಿಕ್ಕ ಹಲ್ಲುಚಕ್ರಗಳ ವ್ಯತ್ಯಾಸವನ್ನು ಕೂಡಿಸಬೇಕು. 50/34 ಮತ್ತು 11-32 ಆದರೆ 16 ಮತ್ತು 21 ಸೇರಿ 37. ಡಿರೈಲರಿನ ತಾಂತ್ರಿಕ ವಿವರದಲ್ಲಿ ಕೊಟ್ಟಿರುವ ಸಾಮರ್ಥ್ಯ ಇದಕ್ಕಿಂತ ಕಡಿಮೆಯಿದ್ದರೆ ಉದ್ದ ಕೇಜಿನ (ಜಾಕಿ ವೀಲುಗಳನ್ನು ಹಿಡಿದ ಚೌಕಟ್ಟು ಉದ್ದವಾಗಿರುವ) ಡಿರೈಲರನ್ನೇ ಕೊಳ್ಳಬೇಕು.

ಮುಂದಿನ 42ರ ರಿಂಗನ್ನು ಬಿಚ್ಚಿ 34 ಹಾಕಿಬಿಡೋಣ ಎಂಬ ಯೋಚನೆಯೂ ಎಲ್ಲ ಕ್ರ್ಯಾಂಕಿಗೂ (ಪೆಡಲ್ ಕೂರುವ ತೋಳಿಗೂ) ನಡೆಯುವುದಿಲ್ಲ. ರಿಂಗಿನ ಬೋಲ್ಟುಗಳು ಕೂರುವ ವೃತ್ತದ ವ್ಯಾಸ 130 ಮಿಲಿಮೀಟರ್ ಆಗಿದ್ದರೆ 38 ಹಲ್ಲಿಗಿಂತ ಚಿಕ್ಕ ರಿಂಗ್ ಅದಕ್ಕೆ ಕೂರುವುದಿಲ್ಲ. 34 ಬೇಕೆಂದರೆ 110ರ ಕ್ರ್ಯಾಂಕನ್ನೇ ತರಬೇಕು. ಕ್ರ್ಯಾಂಕಿನ ಜೊತೆ ಅದರ ಅಚ್ಚು ತಿರುಗುವ ಬೇರಿಂಗ್ ಆದ ಬಾಟಮ್ ಬ್ರಾಕೆಟ್ಟೂ ಬದಲಾಗುವುದುಂಟು. ಇಂಗ್ಲಿಷ್ ಥ್ರೆಡ್ಡಿನ ಫ್ರೇಮುಗಳಲ್ಲಿ ಚೈನಿನ ಬದಿಯ ಕಪ್ ಉಲ್ಟಾ ಥ್ರೆಡ್ಡಿನದು, ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು ಎಂಬುದನ್ನು ಮೆಕ್ಯಾನಿಕ್ಕಿಗೆ ಮೊದಲೇ ಹೇಳಿಡಿ. ಮುಂದಿನ ಡಿರೈಲರಿನ ಎಳೆತದ ಲೆಕ್ಕ ತಲೆಮಾರಿನಿಂದ ತಲೆಮಾರಿಗೆ ಬದಲಾಗಿರುವುದರಿಂದ ಅದನ್ನು ಶಿಫ್ಟರಿನ ಸರಣಿಯದನ್ನೇ ಕೊಳ್ಳುವುದು ಕ್ಷೇಮ.

ಬ್ರೇಕನ್ನು ಮರೆಯಬಾರದು

ಶಿಫ್ಟರ್ ಬದಲಿಸಿದಾಗ ಬ್ರೇಕ್ ಲಿವರೂ ಬದಲಾಗುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಡ್ಯೂರಾ-ಏಸ್ 7900ರಿಂದ ಈಚೆಗೆ ಶಿಮಾನೊ ರೋಡ್ ಲಿವರುಗಳು ಹಿಂದಿಗಿಂತ ಹೆಚ್ಚು ಕೇಬಲ್ ಎಳೆಯುವಂತೆ ಬದಲಾದವು. ಅಂಥ ಲಿವರನ್ನು ಹಳೆಯ ಕ್ಯಾಲಿಪರಿಗೆ (ರಿಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ತೋಳುಗಳಿಗೆ) ಜೋಡಿಸಿದರೆ ಹಿಡಿದಾಗ ಗಟ್ಟಿಯೆನಿಸುತ್ತದೆ, ಆದರೆ ಬೈಕ್ ನಿಲ್ಲುವುದು ತಡವಾಗುತ್ತದೆ. ಚಾರ್ಮಾಡಿ ಘಾಟಿಯನ್ನು ಇಳಿಯುವವರು ಈ ವಿಷಯದಲ್ಲಿ ಉಳಿತಾಯ ಮಾಡಬಾರದು. ಲಿವರಿಗೆ ಹೊಂದುವ ಕ್ಯಾಲಿಪರನ್ನೇ ಹಾಕಬೇಕು. ಕೊಳ್ಳುವಾಗ ಫ್ರೇಮಿನ ಬೋಲ್ಟ್ ರಂಧ್ರದಿಂದ ರಿಮ್ಮಿನ ಬ್ರೇಕ್ ಮುಖದವರೆಗಿನ ಅಂತರವನ್ನು ಅಳೆಯಿರಿ. ಸಾಮಾನ್ಯ ಕ್ಯಾಲಿಪರ್ 39ರಿಂದ 49 ಮಿಲಿಮೀಟರಿಗೆ, ಉದ್ದ ತೋಳಿನದು 47ರಿಂದ 57ಕ್ಕೆ. ಉದ್ದ ತೋಳಿನ ವಿ-ಬ್ರೇಕಿಗೆ ರೋಡ್ ಲಿವರ್ ಎಳೆಯುವಷ್ಟು ಕೇಬಲ್ ಸಾಲದು, ಆ ಜೋಡಿ ಅಪಾಯಕಾರಿ.

ಕೂಡಿಸುವ ಕ್ರಮ

ಭಾಗಗಳೆಲ್ಲ ಬಂದ ಮೇಲೆ ಒಂದು ಬೆಳಗ್ಗೆಯನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಡಿ. ಅಲೆನ್ ಕೀ, ಸ್ಕ್ರೂಡ್ರೈವರ್, ಕ್ಯಾಸೆಟ್ ಲಾಕ್‌ರಿಂಗ್ ಬಿಚ್ಚುವ ಉಪಕರಣ, ಚೈನ್ ವಿಪ್ (ಗೊಂಚಲು ತಿರುಗದಂತೆ ಹಿಡಿಯುವ ಉಪಕರಣ), ಚೈನ್ ಕಟರ್, ಚೂಪಾದ ಕೇಬಲ್ ಕಟರ್ ಬೇಕಾಗುತ್ತವೆ. ಸಾಧಾರಣ ಪ್ಲೇಯರಿನಿಂದ ಔಟರ್ ಕತ್ತರಿಸಿದರೆ ತುದಿ ಚಪ್ಪಟೆಯಾಗುತ್ತದೆ.

ಹಳೆಯದನ್ನು ಬಿಚ್ಚುವಾಗ ಪ್ರತಿ ಹಂತದ ಫೋಟೊ ತೆಗೆದಿಡಿ. ಕ್ಯಾಸೆಟ್ಟನ್ನು ಬಾಡಿಯ ಮೇಲೆ ಏರಿಸುವಾಗ ತೋಡುಗಳಲ್ಲಿ ಒಂದು ಮಾತ್ರ ಅಗಲ ಬೇರೆ ಇರುವುದನ್ನು ಗುರುತಿಸಿ ಕೂರಿಸಿ, ಲಾಕ್‌ರಿಂಗನ್ನು ಸುಮಾರು 40 ನ್ಯೂಟನ್ ಮೀಟರಿಗೆ ಬಿಗಿಯಿರಿ.

ಮುಂದಿನದು ಎಲ್ಲರೂ ಬಿಟ್ಟುಬಿಡುವ ಕೆಲಸ: ಡಿರೈಲರ್ ನೇತಾಡುವ ಹ್ಯಾಂಗರ್ ನೆಟ್ಟಗಿದೆಯೇ ಎಂದು ನೋಡುವುದು. ಬೈಕ್ ಒಮ್ಮೆ ಬಲಕ್ಕೆ ಬಿದ್ದಿದ್ದರೂ ಅದು ಒಳಕ್ಕೆ ಬಾಗಿರಬಹುದು, ಆಗ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ. ಇದಕ್ಕೆಂದೇ ಇರುವ ಉಪಕರಣ ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಆದರೆ ಹ್ಯಾಂಗರಿನ ಥ್ರೆಡ್ ಮತ್ತು ಕ್ವಿಕ್ ರಿಲೀಸ್ ಇರುವ ಹಿಂದಿನ ಚಕ್ರದ ಅಚ್ಚಿನ ಥ್ರೆಡ್ ಒಂದೇ ಅಳತೆಯದು, 10 ಮಿಲಿಮೀಟರ್ ವ್ಯಾಸ, 1 ಮಿಲಿಮೀಟರ್ ಅಂತರ. ಹಾಗಾಗಿ ಇನ್ನೊಂದು ಹಿಂದಿನ ಚಕ್ರದ ಅಚ್ಚನ್ನು ಹ್ಯಾಂಗರಿನೊಳಗೆ ತಿರುಚಿ, ಆ ಚಕ್ರದ ರಿಮ್ಮೂ ಬೈಕಿನ ರಿಮ್ಮೂ ಮೇಲೆ, ಕೆಳಗೆ, ಹಿಂದೆ ಸಮಾನ ಅಂತರದಲ್ಲಿವೆಯೇ ಎಂದು ಸ್ಕೇಲ್ ಹಿಡಿದು ನೋಡಬಹುದು. ಸಮನಿಲ್ಲದಿದ್ದರೆ ಉಕ್ಕಿನ ಹ್ಯಾಂಗರನ್ನು ಆ ಚಕ್ರವನ್ನೇ ಹಿಡಿದು ಮೆಲ್ಲನೆ ನೇರಮಾಡಬಹುದು. ಬಿಚ್ಚಿ ಹಾಕುವ ಅಲ್ಯೂಮಿನಿಯಂ ಹ್ಯಾಂಗರ್ ಬಹಳ ಬಾಗಿದ್ದರೆ ಹೊಸದನ್ನು ತರಿಸಿ.

ಶಿಫ್ಟರುಗಳನ್ನು ಹ್ಯಾಂಡಲ್‌ಗೆ ಏರಿಸಿ, ರಬ್ಬರ್ ಹೊದಿಕೆಯನ್ನು ಮಡಚಿ, ಬೋಲ್ಟನ್ನು 6ರಿಂದ 8 ನ್ಯೂಟನ್ ಮೀಟರಿಗೆ ಬಿಗಿಯಿರಿ. ಟೇಪ್ ಸುತ್ತುವ ಮುನ್ನ ಬೈಕನ್ನೇರಿ ಕುಳಿತು ಎರಡೂ ಒಂದೇ ಎತ್ತರದಲ್ಲಿವೆಯೇ ಎಂದು ನೋಡಬೇಕು. ಡೌನ್‌ಟ್ಯೂಬಿನಲ್ಲಿ ಹಳೆಯ ಲಿವರುಗಳಿದ್ದ ಮೊಳೆಗಳ ಮೇಲೆ ಅಡ್ಜಸ್ಟರ್ ಇರುವ ಕೇಬಲ್ ಸ್ಟಾಪ್ ಕೂರಿಸಬೇಕು, ಇದನ್ನು ಶಿಫ್ಟರಿನ ಜೊತೆಗೇ ತರಿಸಲು ಮರೆಯಬೇಡಿ.

ಗೇರಿನ ಔಟರ್ 4 ಮಿಲಿಮೀಟರಿನದು, ಅದರೊಳಗಿನ ತಂತಿಗಳು ಉದ್ದುದ್ದಕ್ಕೆ ಇರುತ್ತವೆ. ಬ್ರೇಕಿನದು 5 ಮಿಲಿಮೀಟರ್, ತಂತಿ ಸುರುಳಿಯಾಗಿರುತ್ತದೆ. ಗೇರಿನ ಔಟರನ್ನು ಬ್ರೇಕಿಗೆ ಎಂದಿಗೂ ಹಾಕಬಾರದು, ಜೋರಾಗಿ ಹಿಡಿದಾಗ ಅದು ಸಿಡಿದು ಬ್ರೇಕೇ ಇಲ್ಲದಂತಾಗುತ್ತದೆ. ಕತ್ತರಿಸಿದ ತುದಿಯನ್ನು ಅರದಿಂದ ಸಮಮಾಡಿ, ಮುಚ್ಚಿಹೋದ ಒಳ ನಳಿಕೆಯನ್ನು ದಬ್ಬಣದಿಂದ ಬಿಡಿಸಿ. ಕಾಫಿ ಮೂಟೆ ಹೊಲಿಯುವ ದಬ್ಬಣ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದರೂ ಔಟರ್ ಎಳೆಯದಷ್ಟು ಉದ್ದ ಬಿಡಬೇಕು.

ಕೇಬಲ್ ಕಟ್ಟುವ ಮೊದಲೇ ಡಿರೈಲರಿನ ಮಿತಿ ಸ್ಕ್ರೂಗಳನ್ನು ಹೊಂದಿಸಿ. ಎಚ್ ಎಂದು ಗುರುತಿರುವುದು ಚಿಕ್ಕ ಹಲ್ಲುಚಕ್ರದಾಚೆ ಚೈನ್ ಬೀಳದಂತೆ ತಡೆಯುತ್ತದೆ, ಎಲ್ ಎಂಬುದು ದೊಡ್ಡದನ್ನು ದಾಟಿ ಕಡ್ಡಿಗಳೊಳಗೆ ಹೋಗದಂತೆ ತಡೆಯುತ್ತದೆ. ಎಲ್ ಸ್ಕ್ರೂವಿನ ವಿಷಯದಲ್ಲಿ ಅಜಾಗರೂಕತೆ ಬೇಡ. ಏರಿನಲ್ಲಿ ಚೈನ್ ಕಡ್ಡಿಗಳಿಗೆ ಸಿಕ್ಕರೆ ಡಿರೈಲರ್, ಹ್ಯಾಂಗರ್, ಚಕ್ರ ಮೂರೂ ಒಟ್ಟಿಗೆ ಹಾಳಾಗುತ್ತವೆ.

ಚೈನ್ ಕ್ಯಾಸೆಟ್ಟಿನ ಸ್ಪೀಡಿಗೆ ತಕ್ಕದ್ದಿರಬೇಕು: ಎಂಟರ ಚೈನಿನ ಹೊರ ಅಗಲ ಸುಮಾರು 7.1 ಮಿಲಿಮೀಟರ್, ಒಂಬತ್ತರದು 6.6. ಉದ್ದವನ್ನು ತಿಳಿಯಲು ಡಿರೈಲರನ್ನು ಬಿಟ್ಟು, ಮುಂದಿನ ದೊಡ್ಡ ರಿಂಗ್ ಮತ್ತು ಹಿಂದಿನ ದೊಡ್ಡ ಹಲ್ಲುಚಕ್ರದ ಸುತ್ತ ನೇರವಾಗಿ ಸುತ್ತಿ, ತುದಿಗಳು ಕೂಡುವಲ್ಲಿಂದ ಒಂದು ಒಳಕೊಂಡಿ, ಒಂದು ಹೊರಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಬೇಕು. ಹಳೆಯ ಚೈನನ್ನು ಹೊಸ ಕ್ಯಾಸೆಟ್ಟಿಗೆ ಹಾಕುವುದು ಹೊಸ ಹಲ್ಲನ್ನು ಸವೆಸುವ ಕೆಲಸ.

ಇನ್ನು ಕ್ಲಿಕ್ಕುಗಳ ಹೊಂದಾಣಿಕೆ. ಶಿಫ್ಟರನ್ನು ಅತಿ ಚಿಕ್ಕ ಹಲ್ಲುಚಕ್ರದ ಸ್ಥಾನಕ್ಕೆ ಬಿಟ್ಟು, ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿ ಒಂದೆರಡು ಸುತ್ತು ಹಿಂದಕ್ಕೆ ಬಿಟ್ಟು, ಕೇಬಲನ್ನು ಕೈಯಿಂದ ಎಳೆದು ಹಿಡಿದು ಬೋಲ್ಟ್ ಬಿಗಿಯಿರಿ. ಕೇಬಲ್ ಬೋಲ್ಟಿನ ಯಾವ ಬದಿಯ ತೋಡಿನಲ್ಲಿ ಕೂರಬೇಕೋ ಅಲ್ಲೇ ಕೂತಿರಬೇಕು, ತಪ್ಪಿದರೆ ಸನ್ನೆಯ ಅನುಪಾತವೇ ಬದಲಾಗುತ್ತದೆ. ಪೆಡಲ್ ತಿರುಗಿಸುತ್ತ ಒಂದು ಕ್ಲಿಕ್ ಮಾಡಿ. ಚೈನ್ ಎರಡನೆಯದಕ್ಕೆ ಹತ್ತದಿದ್ದರೆ ಅಡ್ಜಸ್ಟರನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಹತ್ತಿ ಮೂರನೆಯದಕ್ಕೆ ಉಜ್ಜುತ್ತಿದ್ದರೆ ಗಡಿಯಾರದ ದಿಕ್ಕಿಗೆ. ನಡುವಿನ ಹಲ್ಲುಚಕ್ರಗಳಲ್ಲಿ ಸದ್ದಿಲ್ಲದಂತೆ ಮಾಡಿದ ಮೇಲೆಯೇ ತುದಿಗಳನ್ನು ನೋಡಿ. ದೊಡ್ಡ ಹಲ್ಲುಚಕ್ರಕ್ಕೂ ಮೇಲಿನ ಜಾಕಿ ವೀಲಿಗೂ 5–6 ಮಿಲಿಮೀಟರ್ ಅಂತರವಿರುವಂತೆ ಬಿ ಸ್ಕ್ರೂವನ್ನು ಹೊಂದಿಸಿ. ಮುಂದಿನ ಡಿರೈಲರಿನ ಹೊರ ತಟ್ಟೆ ದೊಡ್ಡ ರಿಂಗಿನ ಹಲ್ಲುಗಳಿಂದ 1ರಿಂದ 3 ಮಿಲಿಮೀಟರ್ ಮೇಲಿದ್ದು, ರಿಂಗಿಗೆ ಸಮಾನಾಂತರವಾಗಿರಲಿ.

ಪರೀಕ್ಷೆಯ ಸವಾರಿಯನ್ನು ಕಡೂರು ರಸ್ತೆಯ ಕಡೆ ಮಾಡಿ, ಕೈಮರದ ಕಡೆಗೆ ಬೇಡ. ಹೊಸ ಕೇಬಲಿನ ಔಟರ್ ತುದಿಗಳು ತಮ್ಮ ಜಾಗದಲ್ಲಿ ಕುಳಿತುಕೊಳ್ಳುವಾಗ ಮೊದಲ ನೂರು ಕಿಲೋಮೀಟರಿನೊಳಗೆ ಎಳೆತ ತುಸು ಸಡಿಲವಾಗುತ್ತದೆ. ಅಡ್ಜಸ್ಟರನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಆ ಮೇಲೆ ಏರು ರಸ್ತೆಗೆ ಹೋಗಿ, ಪೆಡಲಿನ ಮೇಲೆ ಭಾರ ಬಿದ್ದಾಗಲೂ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹತ್ತುತ್ತದೆಯೇ ಎಂದು ನೋಡಿ.

ಪ್ರತಿ ವರ್ಷ ಮೃಗಶಿರಾ ಮಳೆ ಹಿಡಿಯುವ ಮುನ್ನ ಗೇರಿನ ಇನ್ನರ್ ಕೇಬಲನ್ನು ಬದಲಿಸುವುದನ್ನು ರೂಢಿಮಾಡಿಕೊಳ್ಳಿ. ಟೇಪಿನಡಿ ಕೇಬಲ್ ಹಾಯುವ ಶಿಫ್ಟರುಗಳಲ್ಲಿ ಕೇಬಲ್ ತಲೆಯ ಬಳಿ ಬಾಗಿ ಬಾಗಿ ಎಳೆ ಬಿಡುತ್ತದೆ, ತುಂಡಾದ ಎಳೆಗಳು ಒಳಗಿನ ಯಂತ್ರಕ್ಕೆ ಸಿಕ್ಕಿಕೊಂಡರೆ ತೆಗೆಯುವುದು ಬಹಳ ಕಷ್ಟ. ಗೇರ್ ಬದಲಾಗಲು ಇದ್ದಕ್ಕಿದ್ದಂತೆ ತಡವಾಗತೊಡಗಿ, ಅಡ್ಜಸ್ಟರ್ ತಿರುಗಿಸಿದ ಮರುದಿನವೇ ಮತ್ತೆ ತಪ್ಪುತ್ತಿದ್ದರೆ ಎಳೆ ಬಿಡುತ್ತಿದೆಯೆಂದೇ ತಿಳಿದು, ಅಂದೇ ಲಿವರಿನ ಹೊದಿಕೆಯನ್ನು ಸರಿಸಿ ಕೇಬಲಿನ ತಲೆಯನ್ನು ನೋಡಿ.